ಕಾರಿನ ಮೇಲೆ ಸಾಮಾನು: ಗಾಳಿಯ ಸದ್ದೂ ತಗ್ಗಬೇಕು, ಮೈಲೇಜೂ ಉಳಿಯಬೇಕು ಅಂದರೆ

ಕ್ಯಾರಿಯರ್ ಹಾಕಿಸಿದ ಕಾರು ಮೊದಲ ಸಲ ಹೈವೇ ಹತ್ತಿದಾಗ ಎರಡು ದೂರು ಬರುತ್ತವೆ. ತಲೆ ಮೇಲೆ ಗುಂಯ್ ಅನ್ನುವ ಸದ್ದು ಒಂದು. ಮೈಲೇಜ್ ಇಳಿಯಿತು ಅನ್ನುವುದು ಇನ್ನೊಂದು. ಎರಡಕ್ಕೂ ಕಾರಣ ಗಾಳಿಯೇ, ಆದರೆ ಎರಡೂ ಒಂದೇ ತೊಂದರೆ ಅಲ್ಲ. ಸದ್ದು ಹುಟ್ಟುವುದು ಸಾಮಾನ್ಯವಾಗಿ ಸಣ್ಣ ವಸ್ತುವಿನಿಂದ: ಒಂದು ಅಡ್ಡಕಂಬಿ, ಒಂದು ಹಗ್ಗ, ಪೈಪಿನ ಒಂದು ತೂತು. ಡೀಸೆಲ್ ಕುಡಿಯುವುದು ದೊಡ್ಡ ವಸ್ತು: ಗಾಳಿಗೆ ಅಡ್ಡ ನಿಂತ ಸಾಮಾನಿನ ಗೋಡೆ. ಹಾಗಾಗಿ ಸದ್ದು ನಿಂತ ಮಾತ್ರಕ್ಕೆ ಡೀಸೆಲ್ ಉಳಿಯಿತು ಅಂದುಕೊಳ್ಳಬೇಡಿ. ಈ ವ್ಯತ್ಯಾಸ ಗೊತ್ತಿಲ್ಲದೆ ಜನ ತಪ್ಪು ಜಾಗಕ್ಕೆ ದುಡ್ಡು ಹಾಕುತ್ತಾರೆ.

ಶಬರಿಮಲೆಗೆ ಹೊರಟ ಇನ್ನೋವಾ, ಊರಿಂದ ಅಕ್ಕಿ-ತೆಂಗಿನಕಾಯಿ ತರುವ ಎರ್ಟಿಗಾ, ಬಾಡಿಗೆ ಮನೆ ಬದಲಿಸುವಾಗ ಮಂಚ-ಹಾಸಿಗೆ ಹೊತ್ತ ಬೊಲೆರೊ, ಸೈಕಲ್ ಕಟ್ಟಿಕೊಂಡ ಸಣ್ಣ ಕಾರು. ಕೆಳಗಿನದು ಎಲ್ಲಕ್ಕೂ ಅನ್ವಯಿಸುತ್ತದೆ.

ಮೊದಲು ಸ್ವಲ್ಪ ಲೆಕ್ಕ

ಗಾಳಿಯ ತಡೆ ವೇಗದ ಜೊತೆ ನೇರವಾಗಿ ಏರುವುದಿಲ್ಲ, ವೇಗದ ವರ್ಗದಂತೆ ಏರುತ್ತದೆ. 80ರಿಂದ 100 ಕಿ.ಮೀ.ಗೆ ಹೋದರೆ ವೇಗ ಹೆಚ್ಚಿದ್ದು ಕಾಲು ಭಾಗ, ತಡೆ ಹೆಚ್ಚಿದ್ದು ಶೇ. 56. ವೇಗ ಬಿಟ್ಟರೆ ಲೆಕ್ಕಕ್ಕೆ ಬರುವುದು ಎರಡೇ: ಗಾಳಿಗೆ ಎದುರಾಗಿ ಎಷ್ಟು ಅಗಲ-ಎತ್ತರ ನಿಂತಿದೆ, ಅದರ ಆಕಾರ ಹೇಗಿದೆ.

ಆಕಾರ ಎಷ್ಟು ಮುಖ್ಯ ಅನ್ನುವುದಕ್ಕೆ ಕ್ಯಾರಿಯರಿನ ಅಡ್ಡಕಂಬಿಯನ್ನೇ ನೋಡಿ. ಚೌಕ ಪೈಪಿನ ತಡೆ-ಗುಣಾಂಕ (ಒಂದು ಆಕಾರ ಗಾಳಿಯನ್ನು ಎಷ್ಟು ತಡೆಯುತ್ತದೆ ಎಂದು ಹೇಳುವ ಅಂಕಿ) ಸುಮಾರು 2. ದುಂಡು ಪೈಪಿನದು ಸುಮಾರು 1.2. ವಿಮಾನದ ರೆಕ್ಕೆಯ ಆಕಾರದ ಕಂಬಿಯದು ಅದರ ಹತ್ತನೇ ಒಂದು ಭಾಗದ ಆಸುಪಾಸು. 25 ಮಿ.ಮೀ. ದಪ್ಪದ, ಒಂದು ಮೀಟರ್ ಉದ್ದದ ಎರಡು ದುಂಡು ಕಂಬಿಗಳನ್ನು ಸುಮ್ನೆ ಮೇಲೆ ಹಾಕಿದರೂ ಸಾಧಾರಣ ಕಾರಿನ ಒಟ್ಟು ಗಾಳಿ ತಡೆಗೆ ಕಾಗದದ ಲೆಕ್ಕದಲ್ಲಿ ಶೇ. 8ರಷ್ಟು ಸೇರುತ್ತದೆ. ಸಾಮಾನು ಇನ್ನೂ ಹೇರಿಯೇ ಇಲ್ಲ!

ಸಾಮಾನು ಹೇರಿದ ಮೇಲೆ? ಅಮೆರಿಕ ಸರ್ಕಾರದ ಇಂಧನ ಮಿತವ್ಯಯ ಮಾಹಿತಿಯ ಪ್ರಕಾರ, ಮೊಂಡು ಮೂತಿಯ ದೊಡ್ಡ ರೂಫ್ ಬಾಕ್ಸ್ ಸಿಟಿಯಲ್ಲಿ ಮೈಲೇಜನ್ನು ಶೇ. 2ರಿಂದ 8ರಷ್ಟು ಇಳಿಸುತ್ತದೆ. ಹೈವೇಯಲ್ಲಿ ಶೇ. 6ರಿಂದ 17. ಗಂಟೆಗೆ 105ರಿಂದ 120 ಕಿ.ಮೀ. ವೇಗದಲ್ಲಿ ಶೇ. 10ರಿಂದ 25. ಅದೇ ಸಾಮಾನನ್ನು ಕಾರಿನ ಹಿಂಬದಿಗೆ ಕಟ್ಟಿದರೆ ಹೈವೇಯಲ್ಲೂ ನಷ್ಟ ಶೇ. 1ರಿಂದ 5 ಮಾತ್ರ, ಏಕೆಂದರೆ ಹಿಂದೆ ಇರುವುದು ಕಾರಿನ ಮರೆಯಲ್ಲಿ ಇರುತ್ತದೆ. ಆ ಅಂಕಿಗಳು ನುಣುಪಾದ ಪೆಟ್ಟಿಗೆಗೆ. ನಮ್ಮ ಮೂಟೆ, ಬಕೆಟ್, ಟಾರ್ಪಾಲಿನ ಗುಡ್ಡೆಗೆ ಅದಕ್ಕಿಂತ ಒಳ್ಳೆಯ ಫಲ ಸಿಗುವುದಿಲ್ಲ ಎಂದೇ ಇಟ್ಟುಕೊಳ್ಳಿ.

ಹಂತ 1: ಮೇಲೆ ಏರುವುದನ್ನೇ ಕಡಿಮೆ ಮಾಡಿ

ಅಕ್ಕಿ, ತೆಂಗಿನಕಾಯಿ, ಗ್ಯಾಸ್ ಒಲೆ, ನೀರಿನ ಕ್ಯಾನು, ಹೀಗೆ ತೂಕದ್ದೆಲ್ಲ ಡಿಕ್ಕಿಗೆ. ಬಟ್ಟೆಯ ಬ್ಯಾಗು, ಚಾಪೆ, ಹೊದಿಕೆ ಮೇಲಕ್ಕೆ. ನಮ್ಮಲ್ಲಿ ಇದು ತಿರುಗುಮುರುಗು ಆಗುವುದೇ ಜಾಸ್ತಿ. ಬಟ್ಟೆ ಬ್ಯಾಗು ನೆನೆಯಬಾರದು ಅಂತ ಒಳಗೆ ಇಡುತ್ತೇವೆ, ಮೂಟೆ ಮೇಲಕ್ಕೆ ಹೋಗುತ್ತದೆ. ಬ್ಯಾಗಿಗೆ ದಪ್ಪ ಪ್ಲಾಸ್ಟಿಕ್ ಚೀಲ ಹಾಕಿದರೆ ಆ ಚಿಂತೆ ಮುಗಿಯಿತು.

ಕಾರಿನ ಕೈಪಿಡಿಯಲ್ಲಿ ಛಾವಣಿ ಎಷ್ಟು ತೂಕ ತಡೆಯುತ್ತದೆ ಎಂದು ಬರೆದಿರುತ್ತದೆ. ಹೆಚ್ಚಿನ ಕಾರುಗಳಲ್ಲಿ ಅದು 50ರಿಂದ 75 ಕೆ.ಜಿ. ನಡುವೆ ಇರುತ್ತದೆ, ಮತ್ತು ಕ್ಯಾರಿಯರಿನ ತೂಕವೂ ಅದರಲ್ಲೇ ಸೇರಿದೆ. ಲೋಕಲ್ ವೆಲ್ಡಿಂಗ್ ಅಂಗಡಿಯ ಕಬ್ಬಿಣದ ಕ್ಯಾರಿಯರ್ ಒಂದೇ ಅದರ ಒಳ್ಳೆ ಪಾಲನ್ನು ತಿಂದುಬಿಡುತ್ತದೆ. 25 ಕೆ.ಜಿ.ಯ ಎರಡು ಅಕ್ಕಿ ಮೂಟೆ ಇಟ್ಟರೆ ಮುಗಿಯಿತು, ಮಿತಿ ಮುಟ್ಟಿದಿರಿ ಇಲ್ಲವೇ ದಾಟಿದಿರಿ. ಮೇಲಿನ ತೂಕ ಶಿರಾಡಿ, ಚಾರ್ಮಾಡಿಯ ತಿರುವುಗಳಲ್ಲಿ ಕಾರನ್ನು ಹೊರಕ್ಕೆ ವಾಲಿಸುತ್ತದೆ. ಘಾಟಿಯಲ್ಲಿ ವೇಗ ಕಡಿಮೆ, ಹಾಗಾಗಿ ಅಲ್ಲಿ ಗಾಳಿಯ ಚಿಂತೆ ಬೇಡ. ಚಿಂತೆ ಮಾಡಬೇಕಾದ್ದು ಈ ವಾಲುವಿಕೆಯನ್ನೇ.

ಹಂತ 2: ತಗ್ಗಿಸಿ, ಉದ್ದಕ್ಕೆ ಹರಡಿ

ನಾಲ್ಕು ಬ್ಯಾಗುಗಳನ್ನು ಎರಡರ ಮೇಲೆರಡು ಪೇರಿಸಿದರೆ ಗಾಳಿಗೆ ಎದುರಾಗುವ ಗೋಡೆ ದುಪ್ಪಟ್ಟಾಗುತ್ತದೆ. ಅದೇ ನಾಲ್ಕನ್ನು ಒಂದರ ಹಿಂದೊಂದು ಮಲಗಿಸಿದರೆ ಮುಂದಿನ ಬ್ಯಾಗು ಮಾತ್ರ ಗಾಳಿ ತಿನ್ನುತ್ತದೆ, ಉಳಿದವು ಅದರ ಮರೆಯಲ್ಲಿ ಸಾಗುತ್ತವೆ. ಜಾಗ ಕಡಿಮೆ ಬಿದ್ದರೆ ಅಗಲ ಹೆಚ್ಚಿಸಬೇಡಿ, ಎತ್ತರವನ್ನೂ ಹೆಚ್ಚಿಸಬೇಡಿ, ಹಿಂದಕ್ಕೆ ಹೋಗಿ. ಹಾಗಂತ ಕಾರಿನ ಬಂಪರ್ ದಾಟಿ ಚಾಚುವಂತಿಲ್ಲ. ಬದಿಗೆ, ಮುಂದಕ್ಕೆ, ಹಿಂದಕ್ಕೆ ಅಥವಾ ಎತ್ತರಕ್ಕೆ ಮಿತಿ ಮೀರಿ ಸಾಮಾನು ಚಾಚಿದರೆ ಮೋಟಾರು ವಾಹನ ಕಾಯ್ದೆಯ 194ನೇ ಸೆಕ್ಷನ್‌ನಲ್ಲಿ, 2019ರ ತಿದ್ದುಪಡಿಯ ನಂತರ, 20,000 ರೂಪಾಯಿ ದಂಡವಿದೆ.

ಆಕಾರದ ವಿಚಾರದಲ್ಲಿ ಎಲ್ಲರೂ ಮೂತಿಯನ್ನೇ ನೋಡುತ್ತಾರೆ. ಮುಂದೆ ಮೆತ್ತಗಿನ, ದುಂಡಗಿನ, ಕಡಿಮೆ ಎತ್ತರದ ವಸ್ತು ಇಡಬೇಕು, ಅದು ಸರಿ. ಸುತ್ತಿದ ಚಾಪೆ ಅಥವಾ ಹೊದಿಕೆಯ ಸುರುಳಿ ಮುಂದೆ ಅಡ್ಡಲಾಗಿ ಇಟ್ಟರೆ ಚೂಪು ಮೂಲೆಗಳು ಮುಚ್ಚಿ ಹೋಗುತ್ತವೆ. ಆದರೆ ಹಿಂಬದಿಯೂ ಅಷ್ಟೇ ಮುಖ್ಯ. ದಿಢೀರ್ ಕಡಿದಂತೆ ಮುಗಿಯುವ ಬೆನ್ನಿನ ಹಿಂದೆ ಗಾಳಿ ಸುಳಿ ಸುತ್ತಿ ಒತ್ತಡ ಕುಸಿಯುತ್ತದೆ, ಅದು ಕಾರನ್ನು ಹಿಂದಕ್ಕೆ ಜಗ್ಗುತ್ತದೆ. ಎತ್ತರದ ವಸ್ತು ಮಧ್ಯದಲ್ಲಿರಲಿ, ಎರಡೂ ಕಡೆಗೆ ಇಳಿಜಾರು ಬರಲಿ. ಹಿಂದಿನ ಇಳಿಜಾರು ಮುಂದಿನದಕ್ಕಿಂತ ಉದ್ದವಾಗಿದ್ದರೆ ಇನ್ನೂ ಒಳ್ಳೆಯದು.

ಇನ್ನೊಂದು: ಇಡೀ ಕ್ಯಾರಿಯರನ್ನೇ ಸ್ವಲ್ಪ ಹಿಂದಕ್ಕೆ ಸರಿಸಲು ಆಗುತ್ತದಾ ನೋಡಿ. ಮುಂದಿನ ಗಾಜಿನ ಮೇಲೆ ಏರಿ ಬಂದ ಗಾಳಿ ಛಾವಣಿಯ ಅಂಚಿನಲ್ಲಿ ಕಾರಿಗಿಂತಲೂ ಜೋರಾಗಿ ಓಡುತ್ತದೆ. ಮೊದಲ ಕಂಬಿ ಸರಿಯಾಗಿ ಅಲ್ಲೇ ಇದ್ದರೆ ಸದ್ದೂ ಜಾಸ್ತಿ, ತಡೆಯೂ ಜಾಸ್ತಿ. ಗೇಣುದ್ದ ಹಿಂದೆ ಸರಿಸಿದರೂ ಕಿವಿಗೆ ವ್ಯತ್ಯಾಸ ತಿಳಿಯುತ್ತದೆ. ಇದಕ್ಕೆ ಖರ್ಚು ಏನೂ ಇಲ್ಲ, ಆದ್ದರಿಂದ ಬೇರೇನು ಕೊಳ್ಳುವ ಮೊದಲು ಇದನ್ನೇ ಮಾಡಿ. ಕ್ಯಾರಿಯರನ್ನು ಛಾವಣಿಗೆ ಕಚ್ಚಿ ಹಿಡಿಯುವ ಕ್ಲಾಂಪಿನ ಜಾಗ ನಿಗದಿಯಾಗಿರುವ ಕಾರುಗಳಲ್ಲಿ ಮಾತ್ರ ಇದು ಸಾಧ್ಯವಿಲ್ಲ.

ಹಂತ 3: ಟಾರ್ಪಾಲ್ ಪಟಪಟ ಅನ್ನದ ಹಾಗೆ

ಸಡಿಲ ಟಾರ್ಪಾಲ್ ಸದ್ದು ಮಾಡುವುದಷ್ಟೇ ಅಲ್ಲ. ಅದು ಉಬ್ಬಿಕೊಂಡು ಸಾಮಾನಿಗಿಂತ ದೊಡ್ಡ ಅಡ್ಡಗೋಡೆಯಾಗುತ್ತದೆ. ಸದ್ದು ತಗ್ಗಿಸಿ ಡೀಸೆಲನ್ನೂ ಉಳಿಸುವ ಹಂತ ಇದು, ಹಾಗಾಗಿ ಇಲ್ಲಿ ಆತುರ ಬೇಡ.

ಕ್ರಮ ಹೀಗೆ. ಟಾರ್ಪಾಲನ್ನು ಮೊದಲು ಕ್ಯಾರಿಯರ್ ಮೇಲೆ ಹಾಸಿ, ಮುಂದಿನ ಕಡೆ ಒಂದೂವರೆ ಮೀಟರ್ ಹೊರಗೆ ಬಿಡಿ. ಅದರ ಮೇಲೆ ಸಾಮಾನು ಜೋಡಿಸಿ. ಆಮೇಲೆ ಹೊರಗೆ ಬಿಟ್ಟ ಮುಂಭಾಗವನ್ನು ಸಾಮಾನಿನ ಮೇಲೆ ಮಡಚಿ ಹಿಂದಕ್ಕೆ ಎಳೆಯಿರಿ. ಈಗ ಮುಂದೆ ಅಂಚೇ ಇಲ್ಲ, ಮಡಿಕೆ ಮಾತ್ರ ಇದೆ. ಗಾಳಿ ನುಗ್ಗಲು ದಾರಿ ಇಲ್ಲ. ಬದಿಗಳನ್ನು ಒಳಕ್ಕೆ ಮಡಚಿ, ಕೊನೆಗೆ ಹಿಂಬದಿಯನ್ನು ಮುಚ್ಚಿ. ಎರಡು ಹಾಳೆ ಬಳಸುವುದಾದರೆ ಮುಂದಿನ ಹಾಳೆ ಮೇಲೆ ಬರಬೇಕು, ಹಿಂದಿನದು ಕೆಳಗೆ. ಎಲ್ಲ ಮುಗಿದ ಮೇಲೆ ಇಡೀ ಗಂಟಿನ ಮೇಲೆ ಕೊಕ್ಕೆಗಳಿರುವ ಕಾರ್ಗೋ ನೆಟ್ ಎಳೆದರೆ ಬಟ್ಟೆ ಉಬ್ಬಲು ಜಾಗವೇ ಸಿಗುವುದಿಲ್ಲ. ನೆಟ್ ಇಲ್ಲದಿದ್ದರೆ ಹಗ್ಗವನ್ನು ಅಡ್ಡಡ್ಡ ಹಾಯಿಸಿ, ಯಾವ ಎರಡು ಸಾಲಿನ ನಡುವೆಯೂ ಒಂದು ಅಡಿಗಿಂತ ಹೆಚ್ಚು ಬಿಡಬೇಡಿ.

ಹಳೆಯ ಫ್ಲೆಕ್ಸ್ ಬ್ಯಾನರ್ ಒಳ್ಳೆ ಹೊದಿಕೆ. ಭಾರವಿದೆ, ನುಣುಪಿದೆ, ನೀರು ಬಿಡುವುದಿಲ್ಲ, ಪುಕ್ಕಟೆ ಸಿಗುತ್ತದೆ. ಹುಟ್ಟುಹಬ್ಬದ ಶುಭಾಶಯ ಕೋರುವ ಮುಖ ಒಳಗಡೆಗೆ ಬರಲಿ, ಅಷ್ಟೇ. ಆದರೆ ಮೂಲೆಯಲ್ಲಿ ಒಮ್ಮೆ ಸೀಳು ಬಿಟ್ಟರೆ ಬರ್ರನೆ ಹರಿದು ಹೋಗುತ್ತದೆ. ಹಗ್ಗ ಹಾಕುವ ತೂತಿಗೆ ಲೋಹದ ಕಣ್ಣು ಹೊಡೆಸಿಕೊಳ್ಳಿ.

ಹಗ್ಗದ ಬಗ್ಗೆ: ಲಾರಿಯವರು ಕುಣಿಕೆ ಮಾಡಿ, ಅದರೊಳಗೆ ತುದಿ ತೂರಿಸಿ ಕೆಳಕ್ಕೆ ಜಗ್ಗಿ ಬಿಗಿಯುತ್ತಾರಲ್ಲ, ಆ ಗಂಟನ್ನು ಯಾರಿಂದಲಾದರೂ ಕಲಿಯಿರಿ. ಅದರಷ್ಟು ಬಿಗಿ ಬೇರೆ ಗಂಟು ಕೊಡುವುದಿಲ್ಲ. ನೈಲಾನ್ ಹಗ್ಗ ನೆನೆದರೆ ಹಿಗ್ಗುತ್ತದೆ, ಹಾಗಾಗಿ ಮಳೆ ಬಿದ್ದ ಮೇಲೆ ನಿಲ್ಲಿಸಿ ಮತ್ತೆ ಬಿಗಿಯಬೇಕು. ಎಲಾಸ್ಟಿಕ್ ಬಂಗೀ ಹಗ್ಗವನ್ನು ಟಾರ್ಪಾಲ್ ಅಂಚಿಗೆ ಮಾತ್ರ ಬಳಸಿ. ಅದರ ಮೇಲೆ ಭಾರ ನಂಬಬೇಡಿ. ಹಗ್ಗವನ್ನು ಬಾಗಿಲ ಸಂದಿಯಿಂದ ಕಾರಿನೊಳಗೆ ಹಾಯಿಸಿ ಕಟ್ಟುವ ಅಭ್ಯಾಸವನ್ನೂ ಬಿಡಿ. ರಬ್ಬರ್ ಬೀಡಿಂಗ್ ಮುಚ್ಚಿಕೊಳ್ಳುವುದಿಲ್ಲ, ಆ ಸಂದಿಯೇ ಸಿಳ್ಳೆ ಹೊಡೆಯುತ್ತದೆ, ಮಳೆ ನೀರು ಹಗ್ಗ ಹಿಡಿದು ಸೀಟಿಗೆ ಇಳಿಯುತ್ತದೆ.

ಹಾಸಿಗೆಯ ವಿಚಾರ ಬೇರೆಯೇ. ಛಾವಣಿಗೆ ಕಟ್ಟಿದ ಡಬಲ್ ಬೆಡ್ ಹಾಸಿಗೆಯ ಮುಂದಿನ ಅಂಚು ಒಮ್ಮೆ ಎದ್ದರೆ ಗಾಳಿ ಕೆಳಗೆ ನುಗ್ಗಿ ಪೂರ್ತಿ ಎತ್ತಿಬಿಡುತ್ತದೆ. ಕಿಟಕಿಯಿಂದ ಕೈ ಹಾಕಿ ಹಿಡಿದುಕೊಂಡರೆ ನಿಲ್ಲುವ ಬಲ ಅದಲ್ಲ. ಇದಕ್ಕೆ ಯಾವ ಉಪಾಯವೂ ಬೇಡ, ಲಗೇಜ್ ಆಟೋ ಕರೆಯಿರಿ.

ಹಂತ 4: ಸದ್ದು ಕೇಳಿ ಜಾಗ ಹಿಡಿಯಿರಿ

ಇಷ್ಟಾದ ಮೇಲೂ ಸದ್ದು ಬಂದರೆ, ಎಂಥ ಸದ್ದು ಎಂದು ಕೇಳಿ. ಪಕ್ಕದಲ್ಲಿ ಕೂತವರು ಈ ಕೆಲಸ ಮಾಡಲಿ, ಓಡಿಸುವವರು ಬೇಡ.

ವೇಗ ಏರಿದಂತೆ ಸ್ವರವೂ ಏರುತ್ತಾ ಹೋದರೆ, ಅದು ಕಂಬಿ ಅಥವಾ ಹಗ್ಗ. ದುಂಡು ವಸ್ತುವಿನ ಹಿಂದೆ ಗಾಳಿ ಎಡಕ್ಕೊಂದು ಬಲಕ್ಕೊಂದು ಸುಳಿಗಳನ್ನು ಸರದಿಯಂತೆ ಬಿಡುತ್ತದೆ. ಆ ತಾಳವೇ ನಮಗೆ ಕೇಳುವ ಗುಂಯ್. ಜೆಕ್ ವಿಜ್ಞಾನಿ ವಿನ್ಸೆಂಕ್ ಸ್ಟ್ರೌಹಾಲ್ 1878ರಲ್ಲೇ ಇದರ ಲೆಕ್ಕ ಕಂಡುಕೊಂಡಿದ್ದರು: ಗಾಳಿ ಸೆಕೆಂಡಿಗೆ ಎಷ್ಟು ಮೀಟರ್ ಓಡುತ್ತದೋ ಅದನ್ನು ಮೀಟರಿನಲ್ಲಿ ಅಳೆದ ಕಂಬಿಯ ದಪ್ಪದಿಂದ ಭಾಗಿಸಿ, ಅದರ ಐದನೇ ಒಂದು ಭಾಗ ತೆಗೆದುಕೊಂಡರೆ ಸೆಕೆಂಡಿಗೆ ಎಷ್ಟು ಕಂಪನ ಎಂದು ಸಿಗುತ್ತದೆ. 80 ಕಿ.ಮೀ. ವೇಗದಲ್ಲಿ 25 ಮಿ.ಮೀ. ಕಂಬಿ ಸುಮಾರು 180 ಹರ್ಟ್ಸ್ ಸದ್ದು ಮಾಡುತ್ತದೆ, ದಪ್ಪ ಗಂಟಲಿನ ಗುಂಯ್‌ಗಾರ. 6 ಮಿ.ಮೀ. ಹಗ್ಗ ಸುಮಾರು 740. 3 ಮಿ.ಮೀ. ತಂತಿ 1500ರ ಹತ್ತಿರ, ಅದು ಸಿಳ್ಳೆ. ಅಂದರೆ ಸ್ವರ ಕೆಳಗಿದ್ದರೆ ಕಂಬಿಯನ್ನು, ಮೇಲಿದ್ದರೆ ಹಗ್ಗ-ತಂತಿಯನ್ನು ಅನುಮಾನಿಸಿ.

ಒಂದು ವೇಗದಲ್ಲಿ ಥಟ್ಟನೆ ಶುರುವಾಗಿ, ಇನ್ನೊಂದು ವೇಗದಲ್ಲಿ ಥಟ್ಟನೆ ನಿಂತು, ಸ್ವರ ಮಾತ್ರ ಬದಲಾಗದಿದ್ದರೆ ಅದು ತೂತು. ಖಾಲಿ ಬಾಟಲಿ ಬಾಯಿಗೆ ಊದಿದಂತೆ, ಪೈಪಿನ ತೆರೆದ ಬಾಯಿಯೋ ಬೋಲ್ಟ್ ಹಾಕದ ರಂಧ್ರವೋ ಕೂಗುತ್ತಿದೆ.

ಭರ್ರ್ ಅಂತ ನಡುಗುವ ಸದ್ದು ಸಾಮಾನು ಬಿಗಿಯುವ ಚಪ್ಪಟೆ ಬೆಲ್ಟ್‌ನದ್ದು. ಟಕಟಕ ಅಂದರೆ ಸಡಿಲ ಬೋಲ್ಟ್, ಅದಕ್ಕೂ ಗಾಳಿಗೂ ಸಂಬಂಧವಿಲ್ಲ. ತಕ್ಷಣ ನಿಲ್ಲಿಸಿ ಬಿಗಿಯಿರಿ.

ಗುರುತು ಸಿಗದಿದ್ದರೆ ಇನ್ಸುಲೇಷನ್ ಟೇಪ್ ಒಂದು ಸುರುಳಿ ಸಾಕು. ಒಂದು ರಂಧ್ರ ಮುಚ್ಚಿ ಓಡಿಸಿ, ಆಮೇಲೆ ಮುಂದಿನದು. ಒಂದೇ ಸಲಕ್ಕೆ ಎಲ್ಲ ಮುಚ್ಚಿದರೆ ಯಾವುದು ಕೂಗುತ್ತಿತ್ತು ಎಂದು ಗೊತ್ತೇ ಆಗುವುದಿಲ್ಲ.

ಹಂತ 5: ಸದ್ದಿಗೆ ಪರಿಹಾರ

ತೂತು: ಪೈಪಿನ ತುದಿಗೆ ಪ್ಲಾಸ್ಟಿಕ್ ಬೂಚು. ಅಲ್ಯೂಮಿನಿಯಂ ಕಂಬಿಯ ಮೇಲ್ಭಾಗದ ಸೀಳಿಗೆ ಅದರ ಜೊತೆ ಬರುವ ರಬ್ಬರ್ ಪಟ್ಟಿ. ಈ ಪಟ್ಟಿಯನ್ನು ಕ್ಲಾಂಪ್ ಹಾಕುವಾಗ ಕಿತ್ತು ಎಲ್ಲೋ ಇಟ್ಟು ಮರೆಯುವವರೇ ಹೆಚ್ಚು.

ಬೆಲ್ಟ್: ಬಿಗಿಯುವ ಮೊದಲು ಒಂದೆರಡು ಸುತ್ತು ತಿರುಚಿ. ಚಪ್ಪಟೆಯಾಗಿದ್ದಾಗ ಗಾಳಿ ಅದನ್ನು ಮೇಲೆ-ಕೆಳಗೆ ಒಂದೇ ತಾಳಕ್ಕೆ ಆಡಿಸುತ್ತದೆ. ತಿರುಚಿದರೆ ಆ ತಾಳ ಒಡೆದು ಹೋಗುತ್ತದೆ. ಉಳಿದ ತುದಿಯನ್ನು ಸುತ್ತಿ ಒಳಗೆ ಸಿಕ್ಕಿಸಿ. ಗಾಳಿಯಲ್ಲಿ ಬಿಟ್ಟ ಬೆಲ್ಟ್ ತುದಿ ಬಣ್ಣವನ್ನು ಬಡಿದು ಬಡಿದು ಕೆರೆದಿಡುತ್ತದೆ.

ಕಂಬಿ: ಇದಕ್ಕೆ ಒಂದು ಸೊಗಸಾದ ಉಪಾಯವಿದೆ. 6ರಿಂದ 8 ಮಿ.ಮೀ. ಹಗ್ಗವನ್ನು ಮುಂದಿನ ಕಂಬಿಗೆ ಸುರುಳಿಯಾಗಿ ಸುತ್ತಿ. 25 ಮಿ.ಮೀ. ಕಂಬಿಗೆ ಸುತ್ತಿನಿಂದ ಸುತ್ತಿಗೆ 10-12 ಸೆಂ.ಮೀ. ಅಂತರವಿರಲಿ. ಎರಡೂ ತುದಿಗೆ ಕೇಬಲ್ ಟೈ ಹಾಕಿ ಟೇಪ್ ಸುತ್ತಿ. ಸುಳಿಗಳು ಕಂಬಿಯ ಉದ್ದಕ್ಕೂ ಒಂದೇ ಹೊತ್ತಿಗೆ ಹುಟ್ಟದಂತೆ ಈ ಸುರುಳಿ ತಡೆಯುತ್ತದೆ, ಗುಂಯ್ ನಿಲ್ಲುತ್ತದೆ. ಕಾರ್ಖಾನೆಗಳ ಎತ್ತರದ ಉಕ್ಕಿನ ಚಿಮಣಿಯ ಮೇಲ್ಭಾಗದಲ್ಲಿ ಸುತ್ತಿದ ಲೋಹದ ಪಟ್ಟಿ ನೋಡಿರಬಹುದು. ಗಾಳಿಗೆ ಚಿಮಣಿ ತೂಗಾಡದಿರಲಿ ಎಂದು ಅದನ್ನು ಹಾಕುತ್ತಾರೆ, ತತ್ವ ಇದೇ. ಹಲವು ಕಾರುಗಳ ಆಂಟೆನಾದ ಮೇಲಿನ ಸುರುಳಿ ಗೆರೆಯೂ ಅದಕ್ಕೇ.

ಆದರೆ ನೆನಪಿಡಿ, ಹಗ್ಗ ಸುತ್ತಿದರೆ ಕಂಬಿ ದಪ್ಪವಾಗುತ್ತದೆ. ಸದ್ದು ಹೋಯಿತು, ತಡೆ ಎಳ್ಳಷ್ಟೂ ಇಳಿಯಲಿಲ್ಲ, ಕೊಂಚ ಏರಿರಲೂಬಹುದು. ವರ್ಷವಿಡೀ ಕಂಬಿ ಹೊತ್ತು ತಿರುಗುವವರು ಹಗ್ಗದ ಬದಲು ರೆಕ್ಕೆ ಆಕಾರದ ಕಂಬಿಗೇ ದುಡ್ಡು ಹಾಕುವುದು ಸರಿ. ಅದು ಎರಡೂ ಕೆಲಸ ಮಾಡುತ್ತದೆ.

ಡಿಫ್ಲೆಕ್ಟರ್: ಮುಂದಿನ ಕಂಬಿಗೆ ಓರೆಯಾಗಿ ಕಟ್ಟುವ ಹಾಳೆ. ಕಂಬಿಯ ಉದ್ದಕ್ಕೆ ಸರಿಹೊಂದುವ, ಒಂದು ಗೇಣು ಅಗಲದ, 4-5 ಮಿ.ಮೀ. ಪಾಲಿಕಾರ್ಬೊನೇಟ್ ಹಾಳೆ ಸಾಕು. ತೆಳ್ಳಗಿನದು ತಾನೇ ನಡುಗಿ ಹೊಸ ಸದ್ದು ಹುಟ್ಟಿಸುತ್ತದೆ. ಕೆಳ ಅಂಚು ಛಾವಣಿಯಿಂದ ಒಂದೆರಡು ಸೆಂ.ಮೀ. ಮೇಲಿರಲಿ, ಅದಕ್ಕೆ ರಬ್ಬರ್ ಬೀಡಿಂಗ್ ಹಾಕಿ. ಹಾಳೆ ಹಿಂದಕ್ಕೆ ಚೆನ್ನಾಗಿ ವಾಲಿರಬೇಕು, ನೆಟ್ಟಗೆ ನಿಂತರೆ ಅದೇ ಇನ್ನೊಂದು ಗೋಡೆ. ಸನ್‌ರೂಫ್ ಇದ್ದರೆ ಅದು ಎದ್ದಾಗ ಹಾಳೆಗೆ ತಗಲುತ್ತದಾ ನೋಡಿಕೊಳ್ಳಿ. ಡಿಫ್ಲೆಕ್ಟರ್ ಸದ್ದಿಗೆ ಒಳ್ಳೆಯದು. ಮೈಲೇಜಿಗೆ ಅಷ್ಟಕ್ಕಷ್ಟೆ, ಅಂಗಡಿಯವರು ಏನೇ ಹೇಳಲಿ.

ಹಂತ 6: ವೇಗ, ಗಾಳಿ, ಹೊತ್ತು

ಇಷ್ಟೆಲ್ಲ ಮಾಡಿದರೂ ಎಲ್ಲಕ್ಕಿಂತ ದೊಡ್ಡ ಉಳಿತಾಯ ಬಲಗಾಲಿನಲ್ಲಿದೆ. ಬೆಂಗಳೂರಿನಿಂದ ಚಿತ್ರದುರ್ಗ ಸುಮಾರು 200 ಕಿ.ಮೀ. 100ರ ಬದಲು 80ರಲ್ಲಿ ಹೋದರೆ ಅರ್ಧ ಗಂಟೆ ತಡ. ಗಾಳಿಯ ತಡೆ ಮಾತ್ರ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಇಳಿಯುತ್ತದೆ. ಬೆಂಗಳೂರು-ಮೈಸೂರು ಹೆದ್ದಾರಿಯಲ್ಲಿ ವೇಗದ ಮಿತಿ 100 ಎಂದರೆ 100ರಲ್ಲೇ ಹೋಗಬೇಕು ಎಂದೇನಿಲ್ಲ ಅಲ್ವಾ? ಎಡಗಡೆಯ ಲೇನ್ ಇರುವುದೇ ಇಂಥ ಕಾರುಗಳಿಗೆ.

ಕಾರಿಗೆ ಲೆಕ್ಕ ಸ್ಪೀಡೋಮೀಟರ್ ವೇಗದ್ದಲ್ಲ, ಗಾಳಿಯ ವೇಗದ್ದು. ಎದುರುಗಾಳಿ 20 ಕಿ.ಮೀ. ಇದ್ದರೆ ನಿಮ್ಮ 80 ಎಂಬುದು ಗಾಳಿಯ ಮಟ್ಟಿಗೆ 100. ಚಿತ್ರದುರ್ಗದ ಗುಡ್ಡಗಳ ಮೇಲೆ, ಗದಗದ ಕಪ್ಪತಗುಡ್ಡದ ಸುತ್ತ ಅಷ್ಟೊಂದು ಗಾಳಿಯಂತ್ರಗಳನ್ನು ಸುಮ್ನೆ ನಿಲ್ಲಿಸಿಲ್ಲ. ಮುಂಗಾರಿನ ತಿಂಗಳುಗಳಲ್ಲಿ ಆ ಬಯಲಿನ ಗಾಳಿ ಕಾರನ್ನು ಓರೆಯಾಗಿ, ಅಡ್ಡಲಾಗಿ ಬಡಿಯುತ್ತದೆ. ಎತ್ತರದ ಹೊರೆ ಇದ್ದರೆ ಸ್ಟೇರಿಂಗ್ ಎಳೆಯುವುದು ಗೊತ್ತಾಗುತ್ತದೆ. ಲಾರಿಯನ್ನು ಹಿಂದೆ ಹಾಕುವಾಗ ಅದರ ಮರೆಯಿಂದ ಹೊರಬಂದ ಕ್ಷಣ ಇನ್ನೂ ಜೋರು. ಅಲ್ಲಿ 70 ಸಾಕು. ಬೆಳಗಿನ ಜಾವ ಹೊರಟರೆ ಗಾಳಿಯ ಜೋರು ಸಾಮಾನ್ಯವಾಗಿ ಕಡಿಮೆ ಇರುತ್ತದೆ.

ಎಲೆಕ್ಟ್ರಿಕ್ ಕಾರಿನವರು ಚಾರ್ಜಿಂಗ್ ಯೋಜನೆ ಹಾಕುವಾಗ ಪರದೆ ತೋರಿಸುವ ರೇಂಜ್ ನಂಬಬೇಡಿ. ಅದು ಹಿಂದಿನ ಓಟದ ಲೆಕ್ಕ, ಮೇಲೆ ಹೊರೆ ಇಲ್ಲದಾಗಿನದು. ಹೈವೇಯಲ್ಲಿ ಕಾಲು ಭಾಗ ಕಳೆದು ಲೆಕ್ಕ ಹಾಕಿ.

ಹೊರಟ ಮೇಲೆ, ಮತ್ತು ಬಂದ ಮೇಲೆ

ಹತ್ತು-ಹದಿನೈದು ಕಿ.ಮೀ. ಆದ ಮೇಲೆ ಒಮ್ಮೆ ನಿಲ್ಲಿಸಿ. ಸಾಮಾನು ಕೂತಿರುತ್ತದೆ, ಹಗ್ಗ ಸಡಿಲವಾಗಿರುತ್ತದೆ. ಇನ್ನೊಮ್ಮೆ ಬಿಗಿಯಿರಿ, ಕ್ಲಾಂಪ್ ಬೋಲ್ಟ್‌ಗಳನ್ನೂ ಮುಟ್ಟಿ ನೋಡಿ. ಟೈರ್ ಗಾಳಿ ಪೂರ್ತಿ ಹೊರೆಗೆ ಎಷ್ಟು ಎಂದು ಚಾಲಕರ ಬಾಗಿಲ ಬಳಿಯ ಸ್ಟಿಕ್ಕರ್‌ನಲ್ಲಿದೆ, ಅಷ್ಟು ಹಾಕಿಸಿ. ಹೊರೆ ಸೇರಿ ಕಾರಿನ ಎತ್ತರ ಎಷ್ಟು ಎಂದು ಅಳೆದು ಚೀಟಿ ಬರೆದು ಡ್ಯಾಶ್‌ಬೋರ್ಡ್‌ಗೆ ಅಂಟಿಸಿ. ಮಾಲ್ ಬೇಸ್‌ಮೆಂಟ್, ರೈಲ್ವೆ ಕೆಳಸೇತುವೆಗಳ ಮುಂದೆ ಆ ಚೀಟಿ ಬೇಕಾಗುತ್ತದೆ.

ವಾಪಸ್ ಬಂದ ಮೇಲೆ ಕ್ಯಾರಿಯರ್ ಬಿಚ್ಚಿ. ಖಾಲಿ ಕ್ಯಾರಿಯರ್ ಹೊತ್ತು ಆಫೀಸಿಗೆ ಓಡಾಡುವುದರಲ್ಲಿ ಅರ್ಥವಿಲ್ಲ. ಅದು ಇದ್ದರೆ ಕಾರಿಗೆ ಗತ್ತು ಅನ್ನುವವರಿಗೆ ಹೇಳಲು ನನ್ನ ಹತ್ತಿರ ಏನೂ ಇಲ್ಲ. ಇದೇ ಕಾರಣಕ್ಕೆ ಛಾವಣಿಗೆ ತೂತು ಕೊರೆದು ಕೂರಿಸುವ ಕ್ಯಾರಿಯರ್ ಬೇಡ: ಬಿಚ್ಚಲು ಆಗುವುದಿಲ್ಲ, ಬಿಚ್ಚಿದರೆ ಮಳೆ ಸೋರುತ್ತದೆ, ತುಕ್ಕು ಅಲ್ಲಿಂದಲೇ ಶುರು. ಕ್ಲಾಂಪಿನದೇ ಕೊಳ್ಳಿ. ಬಿಚ್ಚುವ ಮೊದಲು ಕಂಬಿ ಕೂತ ಜಾಗಕ್ಕೆ ರೂಫ್ ರೈಲ್ ಒಳಬದಿಯಲ್ಲಿ ಸಣ್ಣ ಟೇಪ್ ತುಂಡು ಅಂಟಿಸಿ ಗುರುತು ಮಾಡಿ. ಮುಂದಿನ ಸಲ ಅಳೆಯದೆ ಅದೇ ಜಾಗಕ್ಕೆ ಕೂರಿಸಬಹುದು. ಬೋಲ್ಟ್, ರಬ್ಬರ್ ಪಟ್ಟಿ, ಬೂಚುಗಳನ್ನು ಒಂದು ಡಬ್ಬಿಗೆ ಹಾಕಿ ಕ್ಯಾರಿಯರಿಗೇ ಕಟ್ಟಿಡಿ. ಬೋಲ್ಟ್ ಬಿಗಿಯುವ ಅಲೆನ್ ಕೀ ಮಾತ್ರ ಕಾರಿನಲ್ಲೇ ಇರಲಿ.